ಸೈಟೇಶನ್ ಅಲರ್ಟ್‌ಗೆ ದುಡ್ಡು ಕಟ್ಟಿದ್ದೆ, ಈಗ ಪುಕ್ಕಟೆ ದಾರಿಯಲ್ಲೇ ಜಾಸ್ತಿ ಸಿಗುತ್ತಿದೆ

'ಹೊಸ ಪ್ರಬಂಧವೊಂದರಲ್ಲಿ ನಿಮ್ಮ ಹೆಸರು ಬಂದಿದೆ.' ಸಂಶೋಧಕರ ಜಾಲತಾಣಗಳಿಂದ ಇಂಥ ಮೇಲ್, ಅಂದರೆ ಸೈಟೇಶನ್ (ಉಲ್ಲೇಖ) ಅಲರ್ಟ್, ನಿಮಗೂ ಬಂದಿರುತ್ತದೆ. ಯಾವ ಪ್ರಬಂಧ, ಯಾರು ಬರೆದದ್ದು ಅಂತ ನೋಡಬೇಕಾದರೆ ಚಂದಾ ಕಟ್ಟಬೇಕು. ಅಂಥ ಒಂದು ತಾಣಕ್ಕೆ ನಾನು ಒಂದು ವರ್ಷ ಕಟ್ಟಿದೆ. ಡಾಲರ್ ಲೆಕ್ಕ ತಾನೆ, ರೂಪಾಯಿಯಲ್ಲಿ ಎಂಟು ಸಾವಿರದ ಆಸುಪಾಸು ಹೋಯಿತು. ಅದರ ಮೇಲೆ ಕಾರ್ಡಿನವರ ವಿದೇಶಿ ಕರೆನ್ಸಿ ಮಾರ್ಕಪ್, ಆ ಮಾರ್ಕಪ್ ಮೇಲೆ ಜಿಎಸ್‌ಟಿ. ವಿಶ್ವವಿದ್ಯಾಲಯ ಒಂದು ಪೈಸೆ ಕೊಡಲಿಲ್ಲ.

ಪಟ್ಟಿ ತೆರೆದುಕೊಂಡಾಗ ನೂರಾರು ನಮೂದುಗಳಿದ್ದವು. ನನ್ನದು ಕೆರೆ ನೀರಾವರಿಯ ಇತಿಹಾಸ, ಅದರಲ್ಲೂ ಹಳೇ ಮೈಸೂರು ಭಾಗ. ಪಟ್ಟಿಯಲ್ಲಿ ಕಂಡದ್ದು ಹೃದ್ರೋಗ, ರೇಷ್ಮೆ ಹುಳು, ಕಾಂಕ್ರೀಟು, ಬ್ಯಾಂಕಿಂಗ್. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ, ಒಂದೊಂದೇ ಪಿಡಿಎಫ್ ತೆರೆದು ನೋಡಿದೆ. ಎರಡು ತಿಂಗಳ ಸಂಜೆಗಳು ಅದಕ್ಕೇ ಹೋದವು. ನಿಜವಾಗಿ ನನ್ನ ಕೆಲಸವನ್ನು ಉಲ್ಲೇಖಿಸಿದ್ದು ಸುಮಾರು ಹತ್ತರಲ್ಲಿ ಒಂದು. ಉಳಿದವು ಹೆಚ್ಚಾಗಿ ನನ್ನ ಹೆಸರೇ ಇರುವ ಬೇರೆ ಲಕ್ಷ್ಮಿಯರದ್ದು. ಒಂದೇ ಪ್ರಬಂಧವನ್ನು ಮೂವರು ಸಹಲೇಖಕರು ಏರಿಸಿದ್ದರೆ ಅದು ಮೂರು ಸಲ ಎಣಿಕೆಯಾಗಿತ್ತು. ಕೃತಜ್ಞತೆಯಲ್ಲಿ ಬಂದ ಹೆಸರು, ಸಂಪಾದಕ ಮಂಡಳಿಯ ಪಟ್ಟಿ, ವಿಚಾರ ಸಂಕಿರಣದ ಕಾರ್ಯಕ್ರಮ ಪಟ್ಟಿ ಇವೂ ಇದ್ದವು.

ಅಲರ್ಟ್ ಸುಳ್ಳು ಅಂತ ನಾನು ಹೇಳುವುದಿಲ್ಲ. ಆ ಅಕ್ಷರಗಳು ಆ ಫೈಲಿನಲ್ಲಿ ಇದ್ದದ್ದು ನಿಜ. ಆದರೆ ಅದು ಹೆಸರು ಹೊಂದಿಸುವ ಕೆಲಸ ಅಷ್ಟೇ, ಉಲ್ಲೇಖ ಹುಡುಕುವ ಕೆಲಸವಲ್ಲ. ಇನಿಷಿಯಲ್ ಮುಂದಿಟ್ಟುಕೊಂಡು ಬದುಕುವ ನಮ್ಮ ಕಡೆಯವರಿಗೆ ಇದರಿಂದ ನಷ್ಟ ಜಾಸ್ತಿ. ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಆಮೇಲೆ ಮನೆಗೊಬ್ಬರಿಗೆ ಇರುವ ಹೆಸರು. ಇಂಗ್ಲಿಷಿನಲ್ಲಿ ಅದನ್ನೇ ಮೂರು ಥರ ಬರೆಯುತ್ತಾರೆ. ಹಾಗಾಗಿ ಬೇಡದ್ದು ರಾಶಿ ಬರುತ್ತದೆ, ಬೇಕಾದದ್ದು ತಪ್ಪಿಹೋಗುತ್ತದೆ. ನಮ್ಮ ವಿಭಾಗದ ಒಬ್ಬರಿಗೆ ಕೊಡಗಿನ ಮನೆತನದ ಹೆಸರಿದೆ, ತೀರಾ ಅಪರೂಪದ್ದು. ಅವರ ಖಾತೆಯಲ್ಲೂ ಇದೇ ಲೆಕ್ಕ ಹಾಕಿದೆ. ಅವರದ್ದು ಹತ್ತರಲ್ಲಿ ಏಳೆಂಟು ಸರಿಯಿತ್ತು. ಆದರೆ ಆ ಏಳೆಂಟರಲ್ಲಿ ಮುಕ್ಕಾಲು ಪಾಲು ಸಂಶೋಧನಾ ಬರಹ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಪುಕ್ಕಟೆಯಾಗಿಯೇ ಇದ್ದವು.

ಅಲ್ಲಿಂದ ನಾನು ಹೆಸರು ಹುಡುಕುವುದನ್ನೇ ಬಿಟ್ಟೆ, ಶೀರ್ಷಿಕೆ ಹಿಡಿದೆ. 'ದುಡ್ಡು ಕೊಡದೆ ಒಳ್ಳೇದು ಸಿಗುತ್ತಾ ಮೇಡಂ?' ಅಂತ ಸ್ಟಾಫ್ ರೂಮಿನಲ್ಲಿ ಕೇಳಿದವರೇ ಜಾಸ್ತಿ. ನನ್ನ ಪ್ರತಿ ಪ್ರಬಂಧದ ಶೀರ್ಷಿಕೆಯಿಂದ ಬೇರೆ ಯಾರೂ ಬಳಸದ ನಾಲ್ಕೈದು ಪದ ಆರಿಸಿ, ಉದ್ಧರಣ ಚಿಹ್ನೆಯೊಳಗೆ ಹಾಕಿ, ಸ್ಕಾಲರ್‌ನಲ್ಲಿ ಅಲರ್ಟ್ ಇಟ್ಟೆ. ಡಿಒಐ (ಪ್ರಬಂಧಕ್ಕೊಂದು ಶಾಶ್ವತ ಗುರುತುಸಂಖ್ಯೆ) ಇರುವ ಪ್ರಬಂಧಗಳಿಗೆ ಪುಕ್ಕಟೆ ಮಾಹಿತಿಕೋಶಗಳಿವೆ: ಕ್ರಾಸ್‌ರೆಫ್‌ನಲ್ಲಿ ಎಣಿಕೆ, ಓಪನ್‌ಸೈಟೇಶನ್ಸ್‌ನಲ್ಲಿ ಉಲ್ಲೇಖಿಸಿದವರ ಪಟ್ಟಿ. 2017ರಲ್ಲಿ ಮುಕ್ತ ಉಲ್ಲೇಖಗಳ ಚಳವಳಿ ಶುರುವಾದ ಮೇಲೆ ದೊಡ್ಡ ದೊಡ್ಡ ಪ್ರಕಾಶಕರೂ ಈ ಮಾಹಿತಿಯನ್ನು ಬಿಟ್ಟುಕೊಡುತ್ತ ಬಂದರು. ಅದಿಲ್ಲದಿದ್ದರೆ ಈ ಪುಕ್ಕಟೆ ದಾರಿ ಇಷ್ಟು ಸಲೀಸಾಗುತ್ತಿರಲಿಲ್ಲ. 2022ರಲ್ಲಿ ಬಂದ ಇಂಥದೇ ಮುಕ್ತ ಮಾಹಿತಿಕೋಶ ಓಪನ್‌ಅಲೆಕ್ಸ್ ಕೂಡ ನೋಡಿದೆ. ಮೊದಲು ಅದೂ ನನ್ನನ್ನು ಇನ್ನೊಬ್ಬ ಲಕ್ಷ್ಮಿಯ ಜೊತೆ ಸೇರಿಸಿತ್ತು. ತಿದ್ದಲು ಬರೆದು ಕೇಳಿದೆ, ಕೆಲವು ವಾರಗಳಲ್ಲಿ ಸರಿಯಾಯಿತು. ಆರ್ಕಿಡ್ ಐಡಿ (ಒಂದೇ ಹೆಸರಿನ ಸಂಶೋಧಕರನ್ನು ಬೇರ್ಪಡಿಸುವ ಗುರುತುಸಂಖ್ಯೆ) ಇಲ್ಲದವರು ಮೊದಲು ಅದನ್ನು ಮಾಡಿಕೊಳ್ಳಿ, ದುಡ್ಡಿಲ್ಲ.

ಪುಕ್ಕಟೆಯದ್ದನ್ನೂ ಕಣ್ಣುಮುಚ್ಚಿ ನಂಬಬೇಡಿ. 2010ರಲ್ಲಿ ಫ್ರಾನ್ಸಿನ ಸಿರಿಲ್ ಲಾಬೆ ಅನ್ನುವ ಸಂಶೋಧಕರು ಕಂಪ್ಯೂಟರ್ ಬರೆದ ಅರ್ಥವಿಲ್ಲದ ಪ್ರಬಂಧಗಳನ್ನು ಒಂದಕ್ಕೊಂದು ಉಲ್ಲೇಖಿಸುವಂತೆ ಹೆಣೆದು, ಇಲ್ಲದೇ ಇರುವ ಒಬ್ಬ ವಿಜ್ಞಾನಿಗೆ ಸ್ಕಾಲರ್‌ನಲ್ಲಿ 94ರ ಎಚ್-ಇಂಡೆಕ್ಸ್ (ಉಲ್ಲೇಖಗಳ ಲೆಕ್ಕದ ಮೇಲೆ ಕೊಡುವ ಅಂಕ) ಬರಿಸಿ ತೋರಿಸಿದ್ದರು. ಹಾಗಾಗಿ ನನ್ನ ನಿಯಮ ಒಂದೇ. ಪಿಡಿಎಫ್ ತೆರೆದು, ಅಡಿಟಿಪ್ಪಣಿ ಕಣ್ಣಾರೆ ನೋಡಿ, ಪುಟಸಂಖ್ಯೆ ಬರೆದುಕೊಂಡರೆ ಮಾತ್ರ ಅದು ನನ್ನ ಪಟ್ಟಿಗೆ ಸೇರುತ್ತದೆ.

ನಿಜವಾದ ಗುದ್ದಾಟ ಇದ್ದದ್ದು ಕನ್ನಡ ಬರಹಗಳಲ್ಲಿ. ನನ್ನ ಅರ್ಧ ಕೆಲಸ ಕನ್ನಡದಲ್ಲಿದೆ. ಅದನ್ನು ಉಲ್ಲೇಖಿಸುವವರೂ ಕನ್ನಡದಲ್ಲೇ ಪಿಎಚ್‌ಡಿ ಬರೆಯುವವರು. ಅವರ ಮಹಾಪ್ರಬಂಧಗಳು ದೇಶದ ಪಿಎಚ್‌ಡಿ ಪ್ರಬಂಧಗಳ ಜಾಲಭಂಡಾರವಾದ ಶೋಧಗಂಗಾದಲ್ಲಿವೆ, ಆದರೆ ಹುಡುಕಿದರೆ ಏನೂ ಬರುವುದಿಲ್ಲ. ದುಡ್ಡಿನ ತಾಣವೂ ಇಲ್ಲಿ ಕೈಚೆಲ್ಲಿತ್ತು. ಕಾರಣ ಫಾಂಟು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಪಿಡಿಎಫ್ ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಮಾತ್ರ ಲ್ಯಾಟಿನ್ ಅಕ್ಷರಗಳೂ ಪೌಂಡ್ ಚಿಹ್ನೆಯೂ ಬೆರೆತ ಗೋಜಲು. ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಹಾಗಾದರೆ ಆ ಗೋಜಲನ್ನೇ ಹುಡುಕಿದರೆ? ನನ್ನ ಪುಸ್ತಕದ ಶೀರ್ಷಿಕೆಯನ್ನು ಪರಿವರ್ತಕಕ್ಕೆ ಹಾಕಿ, ಯೂನಿಕೋಡ್‌ನಿಂದ ನುಡಿಯ ಹಳೆಯ ಸಂಕೇತಕ್ಕೆ ತಂದೆ. ಬಂದ ಸಾಲನ್ನು ಹಾಗೇ ಎತ್ತಿ ಹುಡುಕಿದೆ. ಗೂಗಲ್‌ನಲ್ಲಿ ಫಲ ಅಷ್ಟಕ್ಕಷ್ಟೇ, ಚಿಹ್ನೆಗಳನ್ನು ಅದು ನುಂಗಿಬಿಡುತ್ತದೆ. ಶೋಧಗಂಗಾದಿಂದ ಗ್ರಂಥಋಣದ ಫೈಲು ಇಳಿಸಿಕೊಂಡು ಅದರೊಳಗೆ ಹುಡುಕಿದಾಗ ಕೆಲಸ ಆಯಿತು. ಒತ್ತಕ್ಷರ, ಅರ್ಕಾವತ್ತು ಇರುವ ಪದ ಬೇಡ. ಟೈಪ್ ಮಾಡಿದವರ ಕೈಯಲ್ಲಿ ಅವು ಹಿಂದುಮುಂದಾಗಿರುತ್ತವೆ. ಸಾದಾ ಅಕ್ಷರಗಳ ಒಂದು ಪದ ಸಾಕು. ನೂರಾರು ಫೈಲುಗಳಲ್ಲಿ ಒಟ್ಟಿಗೆ ಹುಡುಕಲು ಒಂದು ಸಣ್ಣ ಸ್ಕ್ರಿಪ್ಟ್ ಇದೆ, ಯಾವ ವಿಷಯದ ಫೈಲು ಇಳಿಸಬೇಕು ಅಂತ ಆರಿಸುವ ಒಂದು ಉಪಾಯವೂ ಇದೆ. ಆ ಎರಡನ್ನೂ ಇಲ್ಲಿ ಹೇಳುವುದಿಲ್ಲ, ನನ್ನ ವಿದ್ಯಾರ್ಥಿಯೊಬ್ಬರು ಅದರ ಮೇಲೆ ಬರೆಯುತ್ತಿದ್ದಾರೆ.

ಈ ದಾರಿಯಲ್ಲಿ ಇಪ್ಪತ್ತರ ಮೇಲೆ ಮಹಾಪ್ರಬಂಧಗಳು ಸಿಕ್ಕವು. ಒಂದೂ ಯಾವ ಅಲರ್ಟಿನಲ್ಲೂ ಬಂದಿರಲಿಲ್ಲ. ಕಲಬುರಗಿ ಕಡೆಯ ಒಬ್ಬರು ಕೆರೆ ತೂಬಿನ ಬಗ್ಗೆ ನಾನು ಮಾಡಿದ ವಾದವನ್ನು ಒಂದು ಅಧ್ಯಾಯ ಪೂರ್ತಿ ಪ್ರಶ್ನಿಸಿದ್ದಾರೆ. ಓದಿ ಖುಷಿಪಟ್ಟು ಅವರಿಗೆ ಬರೆದೆ, ಈಗ ಶಾಸನಗಳ ಪ್ರತಿ ಹಂಚಿಕೊಳ್ಳುತ್ತಿದ್ದೇವೆ. ಬಡ್ತಿ ಸಮಿತಿಯ ಮುಂದೆ ಪುಟಸಂಖ್ಯೆ ಸಮೇತ ಪಟ್ಟಿ ಇಟ್ಟಾಗ ಒಂದು ಪ್ರಶ್ನೆಯೂ ಬರಲಿಲ್ಲ. ಸ್ಟಾಫ್ ರೂಮಿನಲ್ಲಿ ನಂಬದೇ ಇದ್ದವರಲ್ಲಿ ಇಬ್ಬರು ಈಗ ತಮ್ಮ ಶೀರ್ಷಿಕೆಗಳನ್ನು ತಂದು ಪರಿವರ್ತಿಸಿಕೊಂಡು ಹೋಗುತ್ತಾರೆ.

ಸ್ಕ್ಯಾನ್ ಮಾಡಿದ ಮಹಾಪ್ರಬಂಧಗಳು ಇನ್ನೂ ಬಾಕಿ. ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸೆರಾಕ್ಟ್‌ನಲ್ಲಿ ಕನ್ನಡ ಓದಿಸಿ ನೋಡಿದೆ. ಅಚ್ಚು ಚೊಕ್ಕವಾಗಿದ್ದರೆ ಪರವಾಗಿಲ್ಲ, ಟೈಪ್‌ರೈಟರ್ ಪುಟಗಳಲ್ಲಿ ಒತ್ತಕ್ಷರ ಪೂರಾ ಚೂರಾಗುತ್ತದೆ. ಚಂದಾ ನಿಲ್ಲಿಸಿ ಉಳಿದ ದುಡ್ಡಿನಲ್ಲಿ ಹಾರ್ಡ್ ಡಿಸ್ಕ್ ತಂದಿದ್ದೇನೆ, ಆ ಫೈಲುಗಳನ್ನು ಅದರಲ್ಲಿ ಇಳಿಸಿಡುತ್ತಿದ್ದೇನೆ.