ಮೀನಿನ ಡಬ್ಬಿಯ ಮುಚ್ಚಳದಲ್ಲಿ ಶಂಖಪುಷ್ಪದ ನೀಲಿ

ದಾವಣಗೆರೆಯಲ್ಲಿ ಮೆಕ್ಕೆಜೋಳಕ್ಕೆ ಕೊರತೆಯಿಲ್ಲ, ನಮ್ಮ ಕಾಂಪೌಂಡಿಗೆ ಶಂಖಪುಷ್ಪದ ಬಳ್ಳಿಯೂ ಹಬ್ಬಿದೆ. ಮೀನು ಕೆಡುವುದನ್ನು ಬಣ್ಣದಿಂದ ತಿಳಿಸುವ, ಮಣ್ಣಿನಲ್ಲಿ ಕೊಳೆತುಹೋಗುವ ಹಾಳೆಯನ್ನು ಇವೆರಡರಿಂದ ಮಾಡಲು ಕಳೆದ ಬೇಸಿಗೆಯಲ್ಲಿ ಕುಳಿತೆ.

ಐದು ಗ್ರಾಂ ಮೆಕ್ಕೆಜೋಳದ ಪಿಷ್ಟವನ್ನು 100 ಮಿಲಿ ನೀರಿನಲ್ಲಿ ಕದಡಿ, ಗಂಟಾಗದಂತೆ ತಿರುವುತ್ತಾ, ಗಂಜಿ ತಿಳಿಯಾಗುವವರೆಗೆ ಕಾಯಿಸಿ, ಒಂದೂವರೆ ಗ್ರಾಂ ಗ್ಲಿಸರಿನ್ ಸೇರಿಸಿದೆ. ಇಳಿಸಿ ತುಸು ಆರಿದ ಮೇಲೆ ಹೂವಿನ ಕಷಾಯ ಬೆರೆಸಿ ಸ್ಟೀಲ್ ತಟ್ಟೆಗೆ ತೆಳ್ಳಗೆ ಹರಡಿದೆ. ಏಪ್ರಿಲ್ ಬಿಸಿಲಿಗಿಟ್ಟ ಮೊದಲ ಹಾಳೆ ಹಪ್ಪಳದಂತೆ ಮುರುಟಿ ಸೀಳಿತು. ನೆರಳಿನಲ್ಲಿ ಬಟ್ಟೆ ಮುಚ್ಚಿ ಎರಡು ದಿನ ಒಣಗಿಸಿದ್ದು ಮಾತ್ರ ಇಡಿಯಾಗಿ ಎದ್ದು ಬಂತು.

ಸೂಳೆಕೆರೆಯ ಕಾಟ್ಲಾ ತುಂಡುಗಳನ್ನು ಡಬ್ಬಿಯಲ್ಲಿಟ್ಟು, ಮುಚ್ಚಳದ ಒಳಮೈಗೆ ರೂಪಾಯಿ ನಾಣ್ಯದಷ್ಟಗಲದ ಹಾಳೆ ಅಂಟಿಸಿದೆ. ಮೀನು ಕೆಡುವಾಗ ಹೊರಡುವ ಅಮೋನಿಯಾದಂಥ ಆವಿಗಳು ಹಾಳೆಯ ತೇವದಲ್ಲಿ ಕರಗಿ ಅದನ್ನು ಕ್ಷಾರೀಯವಾಗಿಸುತ್ತವೆ. ಆಗ ಶಂಖಪುಷ್ಪದಲ್ಲಿರುವ ಆಂಥೋಸಯನಿನ್ ಎಂಬ ಬಣ್ಣದ ಅಂಶ ನೀಲಿಯಿಂದ ಹಸಿರಿಗೆ ಹೊರಳುತ್ತದೆ. ಬೆಳಿಗ್ಗೆ ಇಟ್ಟ ಡಬ್ಬಿಯಲ್ಲಿ ಸಂಜೆಯ ವೇಳೆಗೆ ಹಾಳೆಯ ಅಂಚು ಹಸಿರಾಗಿತ್ತು, ಮುಚ್ಚಳ ತೆರೆದರೆ ವಾಸನೆಯೂ ಅದನ್ನೇ ಹೇಳುತ್ತಿತ್ತು. ಆದರೆ ಮುಚ್ಚಳದಲ್ಲಿ ಕಟ್ಟಿದ ನೀರಹನಿಗಳು ಬಣ್ಣವನ್ನು ತೊಳೆದು ಮೀನಿನ ಮೇಲೆ ತೊಟ್ಟಿಕ್ಕಿಸಿದ್ದವು. ಮುಂದಿನ ಸಲ ಮೀನಿನಡಿ ಹತ್ತಿಬಟ್ಟೆ ಹಾಸಿ, ಹಾಳೆಯನ್ನು ಮುಚ್ಚಳದ ಮೂಲೆಗೆ ಸರಿಸಿದ ಮೇಲೆ ಆ ತೊಂದರೆ ಬಹುಮಟ್ಟಿಗೆ ತಗ್ಗಿತು.

ದೋಸೆಯ ಬೆಣ್ಣೆಗೂ ಇದು ಒದಗೀತೆಂದು ಆಸೆಪಟ್ಟಿದ್ದೆ. ಬೆಣ್ಣೆ ಕಮಟಾದರೂ ಹಾಳೆ ನೀಲಿಯಾಗಿಯೇ ಉಳಿಯಿತು, ಏಕೆಂದರೆ ಅಲ್ಲಿ ಕ್ಷಾರದ ಆವಿ ಹುಟ್ಟುವುದೇ ಇಲ್ಲ. ಹಾಗೆಯೇ ಹಾಳೆ ನೀಲಿ ಇದ್ದ ಮಾತ್ರಕ್ಕೆ ಮೀನಿನಲ್ಲಿ ರೋಗಾಣುಗಳಿಲ್ಲವೆಂದು ನಂಬಬಾರದು.

ನಿಜವಾದ ಪರೀಕ್ಷೆ ನಡೆದದ್ದು ಮೀನು ಮಾರುವ ಅಕ್ಕನ ಬಳಿ. ಅವರು ಡಬ್ಬಿಯನ್ನು ಆಚೀಚೆ ತಿರುಗಿಸಿ, "ಇದು ನೀಲಿ ಐತೋ ಹಸಿರು ಐತೋ ಗೊತ್ತಾಗಲ್ಲ ಸರ್" ಎಂದರು. ತಲೆಯ ಮೇಲೆ ನೀಲಿ ಟಾರ್ಪಾಲು ಕಟ್ಟಿತ್ತು. ಅದರಡಿಯಲ್ಲಿ ನನಗೂ ವ್ಯತ್ಯಾಸ ಕಾಣಲಿಲ್ಲ. ಮನೆಯ ಕಿಟಕಿ ಬೆಳಕಿನಲ್ಲಿ ವಾರಗಟ್ಟಲೆ ನೋಡುತ್ತಿದ್ದ ನನಗೆ ಇದು ಹೊಳೆದೇ ಇರಲಿಲ್ಲ. ಈಗ ಹಾಳೆಯ ಪಕ್ಕದಲ್ಲೇ ತಾಜಾ ನೀಲಿ, ಸಂಶಯದ ನೀಲಿಹಸಿರು, ಕೆಟ್ಟ ಹಸಿರು ಎಂದು ಮೂರು ಬಣ್ಣದ ಕಾಗದದ ಚೂರುಗಳನ್ನು ಅಂಟಿಸುತ್ತೇನೆ. ಅದೇ ಬೆಳಕಿನಲ್ಲಿ ಹಾಳೆ ಯಾವ ಚೂರಿಗೆ ಹೋಲುತ್ತದೆಂದು ನೋಡಿದರೆ ಸಾಕು. ಹೋದ ಭಾನುವಾರ ಅಕ್ಕ ಅದನ್ನು ನೋಡಿ, ನಾನು ಬಾಯಿಬಿಡುವ ಮೊದಲೇ ನಡುವಿನ ಚೂರಿನ ಮೇಲೆ ಬೆರಳಿಟ್ಟರು.