ಸ್ಕೋಪಸ್‌ನಲ್ಲಿ ನಾನು ಮೂರು ಜನ ಆಗಿದ್ದೆ: ಪಬ್ಲಿಕೇಷನ್ ರೆಕಾರ್ಡ್ ಸರಿ ಮಾಡ್ಕೊಂಡ ನನ್ನ ಅನುಭವ

ನಾನು ದಾವಣಗೆರೆಯ ಒಂದು ಮೆಡಿಕಲ್ ಕಾಲೇಜಲ್ಲಿ ಬಯೋಕೆಮಿಸ್ಟ್ರಿ ಮೇಷ್ಟ್ರು. ಊರು ಜಗಳೂರು ತಾಲೂಕಿನ ಬಿಳಿಚೋಡು, ಆ ಕಡೆ ನೀರಿನ ಫ್ಲೋರೈಡ್ ತೊಂದ್ರೆ ಚಿಕ್ಕಂದಿನಿಂದ ನೋಡ್ಕೊಂಡೇ ಬೆಳೆದವ್ನು, ಹಂಗಾಗಿ ರಿಸರ್ಚೂ ಜಾಸ್ತಿ ಅದ್ರ ಮೇಲೇನೇ. ಪ್ರಮೋಷನ್ ಫೈಲ್ ರೆಡಿ ಮಾಡೋವಾಗ ಪೇಪರ್ ಲಿಸ್ಟ್ ಜೊತೆಗೆ ಸೈಟೇಶನ್ (ಬೇರೆಯವ್ರು ತಮ್ಮ ಪೇಪರಲ್ಲಿ ನಮ್ಮದನ್ನ ಉಲ್ಲೇಖ ಮಾಡಿದ್ದು) ಎಷ್ಟು, ಎಚ್-ಇಂಡೆಕ್ಸ್ (ಅದ್ರಿಂದ ಲೆಕ್ಕ ಹಾಕೋ ಒಂದು ಅಂಕಿ) ಎಷ್ಟು ಅಂತ ನಮ್ಮ ಕಾಲೇಜಿನ ಫಾರಂನಲ್ಲಿ ಕೇಳಿದ್ರು, ಸರಿ ಅಂತ ಸ್ಕೋಪಸ್‌ನಲ್ಲಿ, ಅಂದ್ರೆ ರಿಸರ್ಚ್ ಪೇಪರ್ ಮತ್ತೆ ಸೈಟೇಶನ್ ಲೆಕ್ಕ ಇಡೋ ಡೇಟಾಬೇಸಲ್ಲಿ, ಹೆಸ್ರು ಹಾಕಿ ಹುಡುಕಿದ್ರೆ ಮೂರು ಪ್ರೊಫೈಲ್ ಬಂದ್ವು, ಮೂರೂ ನಾನೇ. ಒಂದ್ರಲ್ಲಿ ಎರಡು ಪೇಪರ್, ಇನ್ನೊಂದ್ರಲ್ಲಿ ಒಂದೇ ಒಂದು, ಉಳಿದಿದ್ದು ಮೂರನೇದ್ರಲ್ಲಿ. ಒಬ್ಬ ರೈತನ ಒಂದೇ ಹೊಲ ಮೂರು ಹೆಸ್ರಲ್ಲಿ ಪಹಣಿ ಇದ್ರೆ ಹೆಂಗಿರುತ್ತೋ ಹಂಗೆ.

ಕಾರಣ ನಮ್ಮ ಹೆಸ್ರಿಡೋ ಪದ್ಧತಿ. ನನ್ನ ಹೆಸ್ರು ಬಿ.ಎಂ. ಕೊಟ್ರೇಶ್, ಬಿ ಅಂದ್ರೆ ಊರು, ಎಂ ಅಂದ್ರೆ ಅಪ್ಪ ಮಹದೇವಪ್ಪ, ಸರ್‌ನೇಮ್ ಅನ್ನೋದು ನಮ್ಮನೇಲಿ ಯಾರಿಗೂ ಇಲ್ಲ. ಆದ್ರೆ ಜರ್ನಲ್ ಸಬ್‌ಮಿಷನ್ ಪೇಜಲ್ಲಿ ಲಾಸ್ಟ್ ನೇಮ್ ತುಂಬದೇ ಮುಂದಕ್ಕೆ ಹೋಗೋಕೆ ಬಿಡಲ್ಲ. ಒಂದು ಪೇಪರ್ ‘ಕೊಟ್ರೇಶ್ ಬಿಎಂ’ ಅಂತ ಬಂತು, ಇನ್ನೊಂದನ್ನ ಕೋ-ಆಥರ್ ಸಬ್‌ಮಿಟ್ ಮಾಡುವಾಗ ಮಾರ್ಕ್ಸ್‌ಕಾರ್ಡ್ ನೋಡಿ ತುಂಬಿದ್ರು, ಅದು ‘ಮಹದೇವಪ್ಪ ಕೆಬಿ’ ಆಯ್ತು, ಮತ್ತೊಂದ್ರಲ್ಲಿ ಊರೇ ಸರ್‌ನೇಮ್ ಆಗಿ ‘ಬಿಳಿಚೋಡು ಕೆಎಂ’. ಯಾರ ಮೇಲೂ ತಪ್ಪು ಹೊರ್ಸೋ ವಿಷಯ ಅಲ್ಲ ಇದು, ನಮ್ಮ ಕಡೆ ಹೆಸ್ರು ಆ ಖಾನೆಗಳಿಗೆ ಹೊಂದಲ್ಲ ಅಷ್ಟೇ. ಮದುವೆ ಆದ್ಮೇಲೆ ಇನಿಷಿಯಲ್ ಬದಲಾದ ಮೇಡಂಗಳಿಗಂತೂ ಇದು ಇನ್ನೂ ದೊಡ್ಡ ಕಷ್ಟ, ಮದುವೆಗೆ ಮುಂಚೆ ಮಾಡಿದ ಕೆಲಸ ಎಲ್ಲಾ ಬೇರೆ ಯಾರದೋ ಅನ್ನೋ ಹಂಗೆ ಬಿದ್ದಿರುತ್ತೆ.

ಇದ್ರ ಮೇಲೆ ಊರಿನ ಸ್ಪೆಲ್ಲಿಂಗ್. ಇಂಗ್ಲಿಷಲ್ಲಿ ದಾವಣಗೆರೆನ ನಡುವೆ ಒಂದು ‘ಎ’ ಹಾಕಿ ಬರೆಯೋರೂ ಅದಾರೆ, ಹಾಕದೇ ಬರೆಯೋರೂ ಅದಾರೆ, ಒಂದೇ ಡಿಪಾರ್ಟ್‌ಮೆಂಟಿನ ಪೇಪರ್‌ಗಳಲ್ಲೇ ಎರಡೂ ಸಿಗುತ್ತೆ. ನಾನು ದಾವಣಗೆರೆಗೆ ಬರೋ ಮುಂಚೆ ಚಿತ್ರದುರ್ಗದಲ್ಲಿ ಕೆಲಸ ಮಾಡಿದ್ದೆ, ಹಂಗಾಗಿ ಅಡ್ರೆಸ್ಸೂ ಬೇರೆ. ಸ್ಕೋಪಸ್‌ನವ್ರು ಪ್ರೊಫೈಲನ್ನ ಕೈಯಲ್ಲಿ ಮಾಡಲ್ಲ, ಹೆಸ್ರು, ಸಂಸ್ಥೆ, ಸಬ್ಜೆಕ್ಟ್, ಕೋ-ಆಥರ್ ಯಾರು ಇವನ್ನೆಲ್ಲ ತಾಳೆ ನೋಡಿ ಕಂಪ್ಯೂಟರೇ ಗುಂಪು ಮಾಡುತ್ತೆ, ಹೆಸ್ರೂ ಬೇರೆ ಊರೂ ಬೇರೆ ಆದ್ರೆ ಅದು ಬೇರೆ ಮನುಷ್ಯ ಅಂತಾನೇ ತಿಳ್ಕೊಳ್ಳುತ್ತೆ.

ನಾನು ಮೊದ್ಲು ಮಾಡಿದ ಕೆಲಸ ಆರ್ಕಿಡ್ (ORCID) ಐಡಿ, ಅಂದ್ರೆ ರಿಸರ್ಚ್ ಮಾಡೋರ ಗುರುತಿನ ನಂಬರ್. 2012ರಲ್ಲಿ ಶುರುವಾಗಿದ್ದು ಅದು, 16 ಅಂಕಿ ನಂಬರ್, ಫ್ರೀ, ಹೆಸ್ರು ಏನೇ ಆಗ್ಲಿ ನಂಬರ್ ಒಂದೇ. ಅದ್ರಲ್ಲಿ ನಿಮ್ಮ ಬೇರೆ ಬೇರೆ ಹೆಸ್ರುಗಳನ್ನ ಹಾಕೋಕೆ ಒಂದು ಜಾಗ ಐತೆ, ನಾನು ಮೂರೂ ರೂಪ ಅಲ್ಲಿ ಹಾಕ್ದೆ. ಇಲ್ಲಿ ಒಂದು ಮಾತು ಒತ್ತಿ ಹೇಳ್ತೀನಿ, ಕಾಲೇಜ್ ಮೇಲ್ ಐಡಿ ಒಂದನ್ನೇ ಕೊಟ್ಟು ರಿಜಿಸ್ಟರ್ ಮಾಡ್ಬೇಡ್ರಿ, ಸ್ವಂತ ಜಿಮೇಲೂ ಸೇರ್ಸಿ, ಕೆಲಸ ಬಿಟ್ಟ ದಿನ ಕಾಲೇಜ್ ಮೇಲ್ ಬಂದ್ ಆಗುತ್ತೆ, ಆಮೇಲೆ ಪಾಸ್‌ವರ್ಡ್ ಮರೆತ್ರೆ ನಿಮ್ಮ ಐಡಿಗೇ ನೀವು ಹೊರಗಿನವ್ರು. ಇನ್ನೊಂದು, ಪೇಪರ್ ಸಬ್‌ಮಿಟ್ ಮಾಡುವಾಗಲೇ ಆರ್ಕಿಡ್ ನಂಬರ್ ಕೊಟ್ಟು, ಕ್ರಾಸ್‌ರೆಫ್‌ಗೆ (ಪಬ್ಲಿಷರ್‌ಗಳು ಪೇಪರ್ ನೋಂದಾಯಿಸೋ ಸಂಸ್ಥೆ) ಅಪ್‌ಡೇಟ್ ಮಾಡೋ ಪರ್ಮಿಷನ್ ಕೊಟ್ಟಿಟ್ರೆ, ಡಿಒಐ (ಪೇಪರ್‌ಗೆ ಕೊಡೋ ಕಾಯಂ ನಂಬರ್) ಜೊತೆ ನಿಮ್ಮ ನಂಬರನ್ನೂ ಪಬ್ಲಿಷರ್ ಕಳಿಸಿದಾಗ ಪೇಪರ್ ತಾನಾಗೇ ಬಂದು ಕೂರುತ್ತೆ.

ಆಮೇಲೆ ಸ್ಕೋಪಸ್. ನಮ್ಮಂಥ ಪ್ರೈವೇಟ್ ಕಾಲೇಜಿಗೆ ಸಬ್‌ಸ್ಕ್ರಿಪ್ಷನ್ ಇಲ್ದಿದ್ರೂ ಆಥರ್ ಹುಡುಕೋದು ಫ್ರೀ, ಪ್ರೊಫೈಲ್ ಸೇರ್ಸಿ ಅಂತ ರಿಕ್ವೆಸ್ಟ್ ಹಾಕೋದೂ ಫ್ರೀ. ಮೂರನ್ನೂ ಟಿಕ್ ಮಾಡಿ, ಯಾವ ಹೆಸ್ರು ಮುಂದೆ ಇರ್ಬೇಕು ಅಂತ ಆರಿಸಿ, ಪೇಪರ್‌ಗಳನ್ನ ಒಂದೊಂದಾಗಿ ನನ್ದು, ನನ್ದಲ್ಲ ಅಂತ ಗುರ್ತು ಹಾಕಿ ಕಳಿಸಿದೆ, ಸ್ವಲ್ಪ ವಾರ ಕಾದ್ಮೇಲೆ ಒಂದಾಯ್ತು.

ಇದ್ರಿಂದ ನಂಬರ್ ಹೆಂಗೆ ಬದಲಾಗುತ್ತೆ ಅಂತ ತೋರಿಸ್ತೀನಿ, ಯಾಕಂದ್ರೆ ನಮ್ಮ ಡಿಪಾರ್ಟ್‌ಮೆಂಟಲ್ಲೇ ಸುಮಾರು ಜನಕ್ಕೆ ಇದು ಸ್ಪಷ್ಟ ಇರ್ಲಿಲ್ಲ. ಎಚ್-ಇಂಡೆಕ್ಸ್ ಅನ್ನೋದನ್ನ 2005ರಲ್ಲಿ ಜಾರ್ಜ್ ಹಿರ್ಷ್ ಅನ್ನೋ ಫಿಸಿಕ್ಸ್ ವಿಜ್ಞಾನಿ ಕೊಟ್ಟಿದ್ದು. ಪೇಪರ್‌ಗಳನ್ನ ಸೈಟೇಶನ್ ಪ್ರಕಾರ ಮೇಲಿಂದ ಕೆಳಕ್ಕೆ ಜೋಡಿಸ್ಬೇಕು, ಕ್ರಮಸಂಖ್ಯೆಗಿಂತ ಸೈಟೇಶನ್ ಕಮ್ಮಿ ಆಗೋ ಜಾಗದ ಹಿಂದಿನ ಸಂಖ್ಯೆನೇ ಎಚ್. ಉದಾಹರಣೆಗೆ ಒಬ್ರದ್ದು ಐದು ಪೇಪರ್, ಸೈಟೇಶನ್ 40, 12, 6, 4, 1 ಅಂತ ಇಟ್ಕೊಳ್ರಿ, ನಾಲ್ಕನೇದಕ್ಕೆ 4 ಐತೆ, ಐದನೇದಕ್ಕೆ 5 ಇಲ್ಲ, ಎಚ್ ಅಂದ್ರೆ 4. ಅದೇ ಮನುಷ್ಯ ಎರಡು ಪ್ರೊಫೈಲ್ ಆಗಿ ಒಡೆದು, ಒಂದ್ರಲ್ಲಿ 40, 4, 1, ಇನ್ನೊಂದ್ರಲ್ಲಿ 12, 6 ಅಂತ ಹೋದ್ರೆ ಎರಡೂ ಕಡೆ ಎಚ್ 2. ಕೆಲಸ ಅಷ್ಟೇ, ಪೇಪರ್ ಅವೇ, ಆದ್ರೆ ನೋಡೋರ ಕಣ್ಣಿಗೆ ಅರ್ಧ ಮನುಷ್ಯ. ಮತ್ತೆ ಆ ಮೊದಲ ಪೇಪರ್‌ಗೆ 40ರ ಬದ್ಲು 400 ಬಂದ್ರೂ ಎಚ್ 4 ದಾಟಲ್ಲ, ಅದೂ ಗೊತ್ತಿರ್ಬೇಕು.

ಗೂಗಲ್ ಸ್ಕಾಲರ್ ಕಥೆ ಉಲ್ಟಾ. ಅಲ್ಲಿ ಸಾಮಾನ್ಯವಾಗಿ ಸಂಖ್ಯೆ ಜಾಸ್ತಿ ಕಾಣುತ್ತೆ, ಯಾಕಂದ್ರೆ ಥೀಸಿಸ್, ಪ್ರೀಪ್ರಿಂಟ್ (ರಿವ್ಯೂ ಆಗೋ ಮುಂಚೆನೇ ಆನ್‌ಲೈನ್ ಹಾಕಿದ ಪೇಪರ್), ಕಾನ್ಫರೆನ್ಸ್ ಪುಸ್ತಕ ಏನೇ ಇದ್ರೂ ಅದು ಎಣಿಸುತ್ತೆ, ಸ್ಕೋಪಸ್ ತಾನು ಆಯ್ಕೆ ಮಾಡ್ಕೊಂಡ ಜರ್ನಲ್, ಪುಸ್ತಕ, ಕಾನ್ಫರೆನ್ಸ್ ಸಂಪುಟಗಳ ಒಳಗೆ ಮಾತ್ರ ಎಣಿಸುತ್ತೆ. ಎರಡೂ ಸುಳ್ಳಲ್ಲ, ಆದ್ರೆ ಫಾರಂನಲ್ಲಿ ಬರೆಯುವಾಗ ಯಾವುದ್ರದ್ದು, ಯಾವ ದಿನ ನೋಡಿದ್ದು ಅಂತ ಪಕ್ಕದಲ್ಲಿ ಬರೀಲೇಬೇಕು. ನನ್ನ ಸ್ಕಾಲರ್ ಪ್ರೊಫೈಲ್‌ಗೆ ಇನ್ಯಾರೋ ಕೊಟ್ರೇಶ್ ಅವ್ರ ಕೆಮಿಸ್ಟ್ರಿ ಪೇಪರ್ ಬಂದು ಸೇರ್ಕೊಂಡಿತ್ತು, ಅವಕ್ಕೆ ಸೈಟೇಶನ್ ನನ್ನವಕ್ಕಿಂತ ಚೆನ್ನಾಗೇ ಇತ್ತು, ಕೂತು ಒಂದೊಂದಾಗಿ ತೆಗೆದೆ. ಬೇರೆಯವ್ರ ದುಡಿಮೆ ನಮ್ಮ ಹೆಸ್ರಲ್ಲಿ ಒಂದು ದಿನನೂ ಇರ್ಬಾರ್ದು. ಪೇಪರ್ ತಾನಾಗೇ ಸೇರೋ ಸೆಟ್ಟಿಂಗ್ ಬದಲಾಯಿಸಿ, ಮೇಲ್ ಕಳಿಸಿ ಕೇಳು ಅಂತ ಇಟ್ಟಿದೀನಿ.

ಪಬ್‌ಮೆಡ್‌ನಲ್ಲಿ (ಮೆಡಿಕಲ್ ಪೇಪರ್ ಹುಡುಕೋ ಫ್ರೀ ಸೈಟ್) ಆಥರ್‌ಗೆ ಅಂತ ಪ್ರೊಫೈಲ್ ಇಲ್ಲ, ಮೂರು ಹೆಸ್ರನ್ನೂ ನಡುವೆ ‘ಆರ್’ (OR, ಅಂದ್ರೆ ಅಥವಾ) ಹಾಕಿ ಹುಡುಕಿ ಸಿಕ್ಕಿದ್ದನ್ನ ಮೈ ಬಿಬ್ಲಿಯೋಗ್ರಫಿ ಅನ್ನೋ ನಮ್ಮ ಸ್ವಂತ ಲಿಸ್ಟಿಗೆ ಸೇರ್ಸಿದೆ. ಪಬ್‌ಮೆಡ್‌ನಲ್ಲಿ ಕಂಡಿದ್ದೆಲ್ಲಾ ಮೆಡ್‌ಲೈನ್ (ಅದ್ರೊಳಗಿನ ಆಯ್ದ ಜರ್ನಲ್‌ಗಳ ಇಂಡೆಕ್ಸ್) ಅಲ್ಲ ಅನ್ನೋದು ನೆನಪಿರ್ಲಿ, ಪಿಎಂಸಿಯಿಂದ (ಪೂರ್ತಿ ಪೇಪರ್ ಫ್ರೀ ಇಡೋ ಸಂಗ್ರಹ) ಬಂದ ಪೇಪರೂ ಅಲ್ಲಿ ಕಾಣುತ್ತೆ, ಫೈಲ್‌ನಲ್ಲಿ ಇಂಡೆಕ್ಸಿಂಗ್ ಬರೆಯುವಾಗ ಈ ವ್ಯತ್ಯಾಸ ನೋಡ್ಕೊಂಡು ಬರೀರಿ.

ಇಷ್ಟಾದ್ಮೇಲೆ ಲೆಕ್ಕ ಸರಿ ಹೋಯ್ತು, ಆದ್ರೆ ನನಗೆ ನಿಜವಾಗ್ಲೂ ಉಪಯೋಗ ಆಗಿದ್ದು ಆಮೇಲಿನ ಕೆಲಸ. ನಮ್ಮ ಪೇಪರ್‌ಗಳನ್ನ ಸೈಟ್ ಮಾಡಿದ ಪೇಪರ್ ಎಲ್ಲಾ ಸಿಕ್ಕಷ್ಟು ಡೌನ್‌ಲೋಡ್ ಮಾಡಿ, ಸಿಗ್ದೇ ಇದ್ದಿದ್ದನ್ನ ಆ ಆಥರ್‌ಗೇ ಮೇಲ್ ಹಾಕಿ ತರಿಸ್ಕೊಂಡು, ನಮ್ಮ ಹೆಸ್ರು ಬಂದ ಸಾಲನ್ನ ಹುಡುಕಿ ಓದಿದೆ. ಎಲ್ಲಿ ಸೈಟ್ ಮಾಡಿದಾರೆ, ಇಂಟ್ರೊಡಕ್ಷನ್ನಲ್ಲೋ ಮೆಥಡ್ಸಲ್ಲೋ ಡಿಸ್ಕಷನ್ನಲ್ಲೋ ಅಂತ ಎಕ್ಸೆಲ್‌ನಲ್ಲಿ ಬರ್ಕೊಂಡು ಹೋದೆ. ಅತಿ ಹೆಚ್ಚು ಸೈಟೇಶನ್ ಬಂದಿದ್ದು ನಮ್ಮ ರಿವ್ಯೂ ಪೇಪರ್‌ಗೆ, ಅದನ್ನ ಹೆಚ್ಚುಕಮ್ಮಿ ಎಲ್ರೂ ಇಂಟ್ರೊಡಕ್ಷನ್ ಮೊದಲ ಪ್ಯಾರಾದಲ್ಲಿ ಇನ್ನೂ ನಾಲ್ಕೈದು ಪೇಪರ್ ಜೊತೆ ಬ್ರಾಕೆಟ್ಟಲ್ಲಿ ಹಾಕಿ ಮುಂದೆ ಹೋಗಿದಾರೆ. ಮಕ್ಕಳ ಯೂರಿನ್ ಫ್ಲೋರೈಡ್ ಮೇಲೆ ಮಾಡಿದ ಚಿಕ್ಕ ಸ್ಟಡಿಗೆ ಸೈಟೇಶನ್ ಬಲು ಕಮ್ಮಿ, ಆದ್ರೆ ಅದ್ರಲ್ಲಿ ಒಂದು ಟೀಮ್ ಮೆಥಡ್ಸ್‌ನಲ್ಲಿ ನಮ್ಮದನ್ನೇ ಇಟ್ಕೊಂಡು ಕೆಲಸ ಮಾಡಿದಾರೆ: ಗಾಜಿನ ಬಾಟ್ಲಿ ಬೇಡ, ಫ್ಲೋರೈಡ್ ಗಾಜಿಗೆ ಹಿಡಿಯುತ್ತೆ, ಪ್ಲಾಸ್ಟಿಕ್ ಬಾಟ್ಲಿಲಿ ಸ್ಯಾಂಪಲ್ ತಗೊಂಡು, ಟಿಸಾಬ್ ಬಫರ್ ಸೇರ್ಸಿ, ಅಯಾನ್ ಸೆಲೆಕ್ಟಿವ್ ಎಲೆಕ್ಟ್ರೋಡ್‌ನಲ್ಲಿ ಅಳೆದು, ಕ್ರಿಯಾಟಿನಿನ್‌ಗೆ ಹೋಲಿಸಿ ರಿಪೋರ್ಟ್ ಮಾಡೋದು. ನಮ್ಮ ಪೇಪರ್‌ನ ಆ ಪ್ಯಾರಾ ಬರೆಯೋಕೆ ನಾನೂ ನಮ್ಮ ಲ್ಯಾಬ್ ಟೆಕ್ನಿಷಿಯನ್ನೂ ಎಷ್ಟು ತಲೆ ಕೆಡಿಸ್ಕೊಂಡಿದ್ವಿ ಅಂತ ನಮಗೇ ಗೊತ್ತು. ಅವ್ರಿಗೆ ಆ ಸಾಲು ತೋರಿಸಿದಾಗ ‘ಸರ್, ನಮ್ಮ ಬಾಟ್ಲಿ ವಿಷ್ಯನೂ ಬರ್ದವ್ರಾ’ ಅಂತ ಎರಡು ಸಲ ಓದಿಸ್ಕೊಂಡ್ರು. ಎಕ್ಸೆಲ್ ಲೆಕ್ಕದಲ್ಲಿ ಅದೂ ಒಂದು ಸೈಟೇಶನ್ನೇ, ರಿವ್ಯೂಗೆ ಬಂದ ಬ್ರಾಕೆಟ್ಟೂ ಒಂದು ಸೈಟೇಶನ್ನೇ, ನನ್ನ ಪ್ರಕಾರ ಎರಡೂ ಒಂದೇ ತೂಕ ಅಲ್ಲವೇ ಅಲ್ಲ.

ತಪ್ಪಾಗಿ ಸೈಟ್ ಮಾಡಿದ್ದೂ ಸಿಕ್ತು. ನಾವು ಯೂರಿನ್ ಮಾತ್ರ ಅಳೆದಿದ್ದು, ಇಂಟ್ರೊಡಕ್ಷನ್ನಲ್ಲಿ ಕುಡಿಯೋ ನೀರಿಗೆ ಡಬ್ಲ್ಯುಎಚ್‌ಒ ಇಟ್ಟ ಮಿತಿ ಲೀಟರ್‌ಗೆ 1.5 ಮಿಲಿಗ್ರಾಂ ಅಂತ ಬರ್ದಿದ್ವಿ. ಒಂದು ಪೇಪರ್‌ನವ್ರು ಈ ಭಾಗದ ನೀರಲ್ಲಿ ಅಷ್ಟು ಇದೆ ಅಂತ ನಾವು ಕಂಡುಹಿಡಿದ ಹಂಗೆ ಬರೆದುಬಿಟ್ಟಿದಾರೆ. ಅವ್ರಿಗೆ ಮರ್ಯಾದೆಯಿಂದಾನೇ ಮೇಲ್ ಬರ್ದೆ. ಸೈಟೇಶನ್ ಒಂದು ಜಾಸ್ತಿ ಬಂತು ಅಂತ ಸುಮ್ನಿದ್ರೆ, ನಾಳೆ ಇನ್ನೊಬ್ರು ಅದನ್ನೇ ನೋಡಿ ಬರೀತಾರೆ, ನೀರಿನ ವಿಷಯದಲ್ಲಿ ಅಂಥ ಅಂಕಿ ಊರಾಡೋದು ಒಳ್ಳೇದಲ್ಲ.

ಬಿಟ್ಟುಹೋದ ಸೈಟೇಶನ್ನೂ ಇದೇ ಓದಿನಲ್ಲಿ ಸಿಕ್ವು. ರೆಫರೆನ್ಸ್ ಲಿಸ್ಟಲ್ಲಿ ನಮ್ಮ ಪೇಪರ್ ಐತೆ, ಆದ್ರೆ ಇಸವಿನೋ ವಾಲ್ಯೂಮ್ ನಂಬರೋ ತಪ್ಪು ಟೈಪ್ ಆಗಿ ಸ್ಕೋಪಸ್ ಅದನ್ನ ನಮಗೆ ಲಿಂಕ್ ಮಾಡಿರ್ಲಿಲ್ಲ. ಆ ಪೇಜಿನ ಪಿಡಿಎಫ್ ಹಾಕಿ ಸಪೋರ್ಟ್‌ಗೆ ಬರೆದ್ರೆ ಸರಿ ಮಾಡ್ತಾರೆ.

ಹೋಲಿಕೆ ಮಾಡೋ ವಿಷಯಕ್ಕೆ ಬಂದ್ರೆ, ನಮ್ಮ ಸಬ್ಜೆಕ್ಟಿನದ್ದೇ ಒಂದು ಸಂಗತಿ ನಾನು ಪಿಜಿಗಳಿಗೆ ಯಾವಾಗ್ಲೂ ಹೇಳ್ತೀನಿ. ಜಗತ್ತಲ್ಲೇ ಅತಿ ಹೆಚ್ಚು ಸೈಟ್ ಆದ ಪೇಪರ್ ಅಂತ 2014ರಲ್ಲಿ ನೇಚರ್ ಪತ್ರಿಕೆ ಲೆಕ್ಕ ಹಾಕಿದಾಗ ಮೊದಲ ಸ್ಥಾನದಲ್ಲಿದ್ದಿದ್ದು 1951ರ ಲೌರಿ ಪೇಪರ್, ಪ್ರೋಟೀನ್ ಅಳೆಯೋ ವಿಧಾನ, ಆಗ್ಲೇ 3 ಲಕ್ಷ ದಾಟಿತ್ತು. ಅಳೆಯೋ ವಿಧಾನ ಎಲ್ಲಾ ಲ್ಯಾಬ್‌ಗೂ ಬೇಕು, ಅದ್ಕೇ ಅಷ್ಟು. ಜಗಳೂರು ತಾಲೂಕಿನ ಮಕ್ಕಳ ಸ್ಟಡಿಗೂ ಕ್ಯಾನ್ಸರ್ ಜೆನೆಟಿಕ್ಸ್ ಪೇಪರ್‌ಗೂ ಸೈಟೇಶನ್ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಏನೂ ತಿಳಿಯಲ್ಲ. ಅದಕ್ಕೆ ಅಮೆರಿಕಾದ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನವ್ರ ಐಸೈಟ್ (iCite) ಅಂತ ಫ್ರೀ ಸೈಟ್ ಐತೆ, ಪಬ್‌ಮೆಡ್ ನಂಬರ್‌ಗಳನ್ನ ಹಾಕಿದ್ರೆ ಅದೇ ಕ್ಷೇತ್ರದ ಪೇಪರ್‌ಗಳ ಜೊತೆ ತೂಗಿ ಒಂದು ಅನುಪಾತ ಕೊಡುತ್ತೆ, 1 ಅಂದ್ರೆ ಎನ್‌ಐಎಚ್ ದುಡ್ಡಲ್ಲಿ ಆದ ಪೇಪರ್‌ಗಳ ಮಧ್ಯದ ಮಟ್ಟ. ನಾನು ಫೈಲ್‌ಗೆ ಅದನ್ನೂ ಲಗತ್ತಿಸಿದೆ.

ಇಂಪ್ಯಾಕ್ಟ್ ಫ್ಯಾಕ್ಟರ್ ಮಾತ್ರ ನನ್ನದು ಅಂತ ಎಲ್ಲೂ ಬರೀಲಿಲ್ಲ. ಅದು ಜರ್ನಲ್‌ನದ್ದು. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಅಂದ್ರೆ ಆ ಜರ್ನಲ್ 2022 ಮತ್ತು 2023ರಲ್ಲಿ ಹಾಕಿದ್ದಕ್ಕೆ 2024ರಲ್ಲಿ ಬಂದ ಸೈಟೇಶನ್ನು, ಆ ಎರಡು ವರ್ಷದ ಪೇಪರ್‌ಗಳ ಸಂಖ್ಯೆಯಿಂದ ಭಾಗಿಸಿದ್ದು, ಅಷ್ಟೇ. ಅದ್ರಲ್ಲಿ ಕೆಲವೇ ಪೇಪರ್‌ಗೆ ಬಹುಪಾಲು ಬಂದಿರುತ್ತೆ, ನಮ್ಮ ಪೇಪರ್‌ಗೆ ಸೊನ್ನೆ ಇದ್ರೂ ಇರ್ಬಹುದು. ಕೆಲವರು ತಮ್ಮ ಎಲ್ಲಾ ಜರ್ನಲ್‌ಗಳದ್ದು ಕೂಡಿಸಿ ‘ಟೋಟಲ್ ಇಂಪ್ಯಾಕ್ಟ್ ಫ್ಯಾಕ್ಟರ್’ ಅಂತ ಬಯೋಡೇಟಾದಲ್ಲಿ ಹಾಕ್ತಾರೆ, ದಯವಿಟ್ಟು ಹಂಗೆ ಮಾಡ್ಬೇಡ್ರಿ. ಮನುಷ್ಯನನ್ನ ಜರ್ನಲ್ ಅಂಕಿಯಿಂದ ಅಳೀಬೇಡಿ ಅಂತಾನೇ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದವ್ರು ಡೋರಾ ಘೋಷಣೆ ಬರೆದಿದ್ದು.

ಒಂದು ಜರ್ನಲ್‌ನ ರಿವ್ಯೂವರ್ ನಮ್ಮ ಪೇಪರ್‌ಗೆ ಸಂಬಂಧನೇ ಇಲ್ಲದ ಒಂದಿಷ್ಟು ಪೇಪರ್ ಸೈಟ್ ಮಾಡಿ ಅಂತ ಬರೆದಿದ್ರು, ಎಲ್ಲಾ ಒಬ್ರದ್ದೇ. ಓದಿ ನೋಡಿ, ಯಾಕೆ ಹೊಂದಲ್ಲ ಅಂತ ಒಂದೊಂದಕ್ಕೂ ಎರಡು ಸಾಲು ಉತ್ತರ ಬರೆದು ಎಡಿಟರ್‌ಗೆ ಕಳಿಸಿದೆ. ಪೇಪರ್ ಅಕ್ಸೆಪ್ಟ್ ಆಯ್ತು. ದುಡ್ಡು ಕೊಟ್ರೆ ಸೈಟೇಶನ್ ಕೊಡಿಸ್ತೀವಿ ಅನ್ನೋ ಮೇಲ್‌ಗಳೂ ಬರ್ತವೆ, ಓಪನ್ ಮಾಡದೇ ಡಿಲೀಟ್ ಮಾಡ್ರಿ.

ಈಗ ನಮ್ಮ ಡಿಪಾರ್ಟ್‌ಮೆಂಟಲ್ಲಿ ಪಿಜಿ ಸಿನಾಪ್ಸಿಸ್ ಕಳಿಸೋ ಹೊತ್ತಿಗೇ ಆರ್ಕಿಡ್ ಮಾಡಿಸ್ತೀನಿ, ಲಾಸ್ಟ್ ನೇಮ್ ಖಾನೆಗೆ ಜೀವನಪೂರ್ತಿ ಏನು ಹಾಕ್ತೀರಿ ಅಂತ ಅವತ್ತೇ ತೀರ್ಮಾನ ಮಾಡಿಸ್ತೀನಿ, ಊರಿನ ಸ್ಪೆಲ್ಲಿಂಗ್ ಕಾಲೇಜ್ ಲೆಟರ್‌ಹೆಡ್‌ನಲ್ಲಿ ಇರೋದೇ ಎಲ್ರೂ ಬರೀಬೇಕು ಅಂತ ನೋಟಿಸ್ ಬೋರ್ಡ್‌ಗೆ ಹಾಕಿದೀವಿ. ಈಗಾಗ್ಲೇ ಹೆಸ್ರು ಚದುರಿ ಹೋಗಿರೋರು ಮೊದ್ಲು ಎಲ್ಲಾ ಪೇಪರ್‌ನ ಮೊದಲ ಪೇಜ್ ಪಿಡಿಎಫ್ ಒಂದು ಫೋಲ್ಡರ್‌ನಲ್ಲಿ ಇಟ್ಕೊಳ್ರಿ, ಆಮೇಲೆ ಆರ್ಕಿಡ್, ಅದಾದ್ಮೇಲೆ ಸ್ಕೋಪಸ್, ಸ್ಕಾಲರ್ ಕೊನೇಗೆ. ಸ್ಕೋಪಸ್‌ಗೆ ರಿಕ್ವೆಸ್ಟ್ ಹಾಕಿದ್ಮೇಲೆ ಬರೋ ರೆಫರೆನ್ಸ್ ನಂಬರ್ ಜೋಪಾನ ಮಾಡಿ, ತಡ ಆದ್ರೆ ಅದನ್ನೇ ಹಾಕಿ ವಿಚಾರಿಸ್ಬೇಕಾಗುತ್ತೆ, ಪ್ರಮೋಷನ್ ಫೈಲ್ ಕೊಡೋ ತಿಂಗಳಲ್ಲಿ ಶುರು ಮಾಡಿದ್ರೆ ಟೈಮ್ ಸಾಲಲ್ಲ.