ಖಾರಪುಡಿ ಬಂತು ಅಂತ ಮೊದಲು ಹೇಳಿ: ಮಾರಾಟದ ಇಮೇಲ್‌ಗೆ ಸಬ್ಜೆಕ್ಟ್ ಲೈನ್ ಬರೆಯುವ ಬಗೆ

"ಯುಗಾದಿ ಹಬ್ಬದ ಹಾರ್ದಿಕ ಶುಭಾಶ…"

ಧಾರವಾಡದ ನಮ್ಮ ಓಣಿಯ ಕಾಕು (ಚಿಕ್ಕಮ್ಮ) ಒಬ್ಬರು ಕಳಿಸಿದ ಇಮೇಲಿನ ಸಬ್ಜೆಕ್ಟ್ ಲೈನ್, ಅಂದರೆ ವಿಷಯದ ಸಾಲು, ನನ್ನ ಫೋನಿನಲ್ಲಿ ಕಂಡಿದ್ದು ಇಷ್ಟೇ. ಮುಂದಿನದನ್ನು ಫೋನ್ ಕತ್ತರಿಸಿತ್ತು. ಕಾಕು ಮನೆಯಲ್ಲೇ ಖಾರಪುಡಿ, ಶೇಂಗಾ ಚಟ್ನಿ, ಕಡಕ್ ರೊಟ್ಟಿ ಮಾಡಿ ಪುಣೆ, ಬೆಂಗಳೂರಿಗೆ ಕೊರಿಯರ್ ಮಾಡುತ್ತಾರೆ. ಅವರ ಹತ್ತಿರ ಸುಮಾರು 300 ಗಿರಾಕಿಗಳ ಇಮೇಲ್ ಪಟ್ಟಿ ಇದೆ. ಪೂರ್ತಿ ಸಾಲು ಹೀಗಿತ್ತು: "ಯುಗಾದಿ ಹಬ್ಬದ ಹಾರ್ದಿಕ ಶುಭಾಶಯಗಳೊಂದಿಗೆ ನಮ್ಮ ಹೊಸ ಉತ್ಪನ್ನಗಳ ಮೇಲೆ ವಿಶೇಷ ರಿಯಾಯಿತಿ!!!" ಅವತ್ತೇ ಬ್ಯಾಂಕಿನವರು, ವಿಮೆಯವರು, ಮೊಬೈಲ್ ಅಂಗಡಿಯವರು ಕಳಿಸಿದ ಇಮೇಲ್‌ಗಳೂ 'ಯುಗಾದಿ ಹಬ್ಬದ ಹಾರ್ದಿಕ' ಅಂತಲೇ ಶುರುವಾಗಿದ್ದವು. ಅದರಲ್ಲಿ ಕಾಕು ಯಾರು, ಬ್ಯಾಂಕ್ ಯಾವುದು?

"ಹಬ್ಬದಾಗ ಶುಭಾಶಯ ಹೇಳದ ಹೆಂಗ ಬಿಡೂದೋ ತಮ್ಮಾ?" ಅಂದರು ಕಾಕು.

ಹೇಳಿ, ಆದರೆ ಇಮೇಲ್ ಒಳಗೆ ಹೇಳಿ. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಸಂಜೆ ಗಾಡಿಯವರು ಕೂಗುವುದನ್ನು ಕೇಳಿದ್ದೀರಲ್ವಾ? ಯಾರೂ 'ಮಾನ್ಯ ಗ್ರಾಹಕರಿಗೆ ಸುಸ್ವಾಗತ' ಅಂತ ಕೂಗುವುದಿಲ್ಲ. ಮಾಲಿನ ಹೆಸರು, ಅದರ ಬೆನ್ನಿಗೇ ರೇಟು. ಶಾಲೆಯಲ್ಲಿ ನಾವು ಬರೆದ ರಜೆ ಅರ್ಜಿಯೂ ಅಷ್ಟೇ: 'ವಿಷಯ: ಮೂರು ದಿನ ರಜೆ ಕೋರಿ'. ಮಾಸ್ತರರು ಆ ಒಂದು ಸಾಲು ಓದಿಯೇ ಸಹಿ ಹಾಕುತ್ತಿದ್ದರು. ಹತ್ತು ವರ್ಷದ ಹುಡುಗನಿಗೆ ಬರುತ್ತಿದ್ದ ಈ ವಿದ್ಯೆ ಅಂಗಡಿ ಇಟ್ಟ ಮೇಲೆ ಎಲ್ಲಿ ಹೋಗುತ್ತದೋ ಗೊತ್ತಿಲ್ಲ.

ಮೊದಲು ಇಮೇಲ್, ಆಮೇಲೆ ಸಾಲು

ಸಬ್ಜೆಕ್ಟ್ ಲೈನನ್ನು ಕೊನೆಗೆ ಬರೆಯಿರಿ. ಇಮೇಲ್ ಪೂರ್ತಿ ಬರೆದು ಮುಗಿಸಿ, 'ಇದನ್ನು ತೆರೆದವರಿಗೆ ಏನು ಸಿಗುತ್ತದೆ?' ಅಂತ ಕೇಳಿಕೊಳ್ಳಿ. ಉತ್ತರ ಇರುವ ವಾಕ್ಯದ ಮೇಲೆ ಬೆರಳಿಡಿ. ಮೂರು ಕಡೆ ಬೆರಳು ಹೋದರೆ ಒಂದನ್ನು ಇಟ್ಟುಕೊಂಡು ಉಳಿದ ಎರಡನ್ನು ಮುಂದಿನ ವಾರಕ್ಕೆ ಬಿಡಿ.

ಕಾಕು ಇಮೇಲ್‌ನಲ್ಲಿ ಬೆರಳು ನಿಂತಿದ್ದು ಐದನೇ ಸಾಲಿನ ಮೇಲೆ. ಈ ಹಂಗಾಮಿನ ಬ್ಯಾಡಗಿ ಮೆಣಸಿನಕಾಯಿ ತರಿಸಿ ಖಾರ ಕುಟ್ಟಿಸಿದ್ದಾರೆ. ಹಾವೇರಿ ಜಿಲ್ಲೆಯ ಈ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಮಾಲಿಗೆ ಕೊಡುವ ಸರ್ಕಾರಿ ಗುರುತು, ಸಿಕ್ಕಿದೆ. ಬಣ್ಣ ಜಾಸ್ತಿ, ಖಾರ ಕಡಿಮೆ. ನಮ್ಮ ಕಡೆಯವರು ಬೇಸಿಗೆಯಲ್ಲೇ ವರ್ಷದ ಖಾರಪುಡಿ ತುಂಬಿಟ್ಟುಕೊಳ್ಳುತ್ತಾರೆ. ಪುಣೆಯಲ್ಲಿ ಕೂತ ಧಾರವಾಡದವರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇಕಾ? ಅದನ್ನು 'ಹೊಸ ಉತ್ಪನ್ನ' ಅಂತ ಕರೆದು ಮುಚ್ಚಿಟ್ಟಿದ್ದರು.

ಹಾಳೆ ತಗೊಂಡು ನಾಲ್ಕೈದು ಸಾಲು ಬರೆದೆವು. 'ಬ್ಯಾಡಗಿ ಖಾರಪುಡಿ ಮಾರಾಟಕ್ಕಿದೆ.' ಯಾವಾಗಲೂ ಇರುತ್ತದೆ, ಅದರಲ್ಲಿ ಹೊಸದೇನು? 'ಅಪ್ಪಟ ಬ್ಯಾಡಗಿ ಖಾರಪುಡಿ.' ಎಲ್ಲರೂ ಅಪ್ಪಟ ಅಂತಲೇ ಅನ್ನುತ್ತಾರೆ. 'ಈ ವರ್ಷದ ಬ್ಯಾಡಗಿ ಖಾರಪುಡಿ ಬಂತು.' ಇದು ಪರವಾಗಿಲ್ಲ. ಕಾಕು ತಾವೇ ಒಂದು ಹೇಳಿದರು: 'ಹೊಸ ಬ್ಯಾಡಗಿ ಖಾರ, ಮೊನ್ನೆ ಕುಟ್ಟಿಸಿದ್ದು'. ಆ 'ಮೊನ್ನೆ' ಅನ್ನುವ ಪದ ನನಗೆ ಹೊಳೆದಿರಲಿಲ್ಲ. ಗಿರಣಿಯ ಘಾಟು ಮೂಗಿಗೆ ಬಡಿಯಿತು. ಅದನ್ನೇ ಇಟ್ಟೆವು.

ಫೋನಿನ ಅಳತೆ

ಹೆಚ್ಚಿನ ಫೋನುಗಳಲ್ಲಿ ಇಂಗ್ಲಿಷಿನ 30ರಿಂದ 40 ಅಕ್ಷರದಷ್ಟು ಮಾತ್ರ ಕಾಣುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ. 'ರೊಟ್ಟಿ' ಅನ್ನುವುದು ನಮ್ಮ ಕಣ್ಣಿಗೆ ಎರಡೇ ಅಕ್ಷರ. ಆದರೆ ಕಂಪ್ಯೂಟರ್ ಅಕ್ಷರ ಗುರುತಿಸುವ ಯೂನಿಕೋಡ್‌ನಲ್ಲಿ ಅದು ಆರು ತುಂಡು: ರ, ಒತ್ವ, ಟ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೆ ಟ, ಗುಡಿಸು. ಹಾಗಾಗಿ ಇಮೇಲ್ ಕಳಿಸುವ ಸಾಫ್ಟ್‌ವೇರ್ 'ಸಾಲು ಉದ್ದವಾಯಿತು' ಅಂತ ಕೆಂಪು ತೋರಿಸಿದರೆ ಗಾಬರಿ ಬೇಡ, ತೋರಿಸದಿದ್ದರೆ ನಂಬಿ ಕೂರುವುದೂ ಬೇಡ. ಮೊದಲು ನಿಮಗೇ ಒಂದು ಕಳಿಸಿಕೊಳ್ಳಿ. ಮನೆಯಲ್ಲಿರುವ ಎಲ್ಲಕ್ಕಿಂತ ಸಣ್ಣ ಫೋನಿನಲ್ಲಿ ತೆರೆದು ನೋಡಿ. ಮೊದಲ ಎರಡು ಮೂರು ಪದಗಳಲ್ಲೇ ಮಾಲು ಬಂದಿರಬೇಕು.

ಸಾಲಿನ ಅಕ್ಕಪಕ್ಕ ಇನ್ನೂ ಎರಡು ಜಾಗ ಇವೆ. ಒಂದು, ಕಳಿಸಿದವರ ಹೆಸರು. ಗಿರಾಕಿ ಮೊದಲು ನೋಡುವುದು ಅದನ್ನೇ. ಅಲ್ಲಿ 'ಇನ್ಫೋ', 'ಸೇಲ್ಸ್' ಅಂತೆಲ್ಲ ಇದ್ದರೆ ಬದಲಿಸಿ, ಗಿರಾಕಿಗಳು ನಿಮ್ಮನ್ನು ಕರೆಯುವ ಹೆಸರನ್ನೇ ಹಾಕಿ. ಇನ್ನೊಂದು, ಸಬ್ಜೆಕ್ಟ್ ಮುಗಿದ ಮೇಲೆ ಮಸುಕಾಗಿ ಕಾಣುವ ಪ್ರಿವ್ಯೂ. ನೀವೇನೂ ಬರೆಯದಿದ್ದರೆ ಇಮೇಲಿನ ಮೊದಲ ಸಾಲೇ ಅಲ್ಲಿಗೆ ಬರುತ್ತದೆ. ಎಷ್ಟೋ ಸಲ ಅದು 'ಈ ಇಮೇಲ್ ಕಾಣದಿದ್ದರೆ ಇಲ್ಲಿ ಒತ್ತಿ' ಅಂತಿರುತ್ತದೆ. ಕಾಕು ಅಲ್ಲಿ 'ಡಬ್ಬಿ ಮೆಣಸಿನಕಾಯಿ, ಅರ್ಧ ಕಿಲೋ ಪ್ಯಾಕ್' ಅಂತ ಹಾಕಿದರು. ಡಬ್ಬಿ ಅಂದರೆ ಬ್ಯಾಡಗಿಯದೇ ಒಂದು ಬಗೆ.

ಮಾಡಬಾರದ ಜಾಣತನ

ಇದರಲ್ಲಿ ಮೊದಲ ತಪ್ಪು ನನ್ನದೇ. ಒಮ್ಮೆ ಒಂದು ಸೀರೆ ಅಂಗಡಿಗೆ ಇಮೇಲ್ ಬರೆದುಕೊಟ್ಟಾಗ ಸಬ್ಜೆಕ್ಟಿನಲ್ಲಿ ಗಿರಾಕಿಯ ಮೊದಲ ಹೆಸರು ತಾನಾಗೇ ಬರುವ ಹಾಗೆ ಮಾಡಿದ್ದೆ. ನಮ್ಮ ಕಡೆಯ ಪಟ್ಟಿ ಹೇಗಿರುತ್ತದೆ ಗೊತ್ತಲ್ಲ, 'ಎಸ್. ಬಿ. ಪಾಟೀಲ', 'ವಿ. ಕುಲಕರ್ಣಿ'. ಹೀಗಾಗಿ ಎಷ್ಟೋ ಜನಕ್ಕೆ ಹೋದ ಸಾಲು: 'ಎಸ್ ಅವರೇ, ನಿಮಗಾಗಿ ಹೊಸ ಇಳಕಲ್ ಸೀರೆ!' ಪಟ್ಟಿಯನ್ನು ಕಣ್ಣಾರೆ ನೋಡದೆ ಹೆಸರು ಹಾಕುವ ತಂಟೆಗೆ ಹೋಗಬೇಡಿ.

ಹೊಸ ಇಮೇಲಿಗೆ ಸುಮ್ನೆ 'Re:' ಅಂತ ಸೇರಿಸಿ, ಹಳೆಯ ಮಾತಿಗೆ ಉತ್ತರ ಬಂದ ಹಾಗೆ ತೋರಿಸುವುದು ಇನ್ನೊಂದು. ತೆರೆಯುತ್ತಾರೆ, ನಿಜ. ತೆರೆದ ಮೇಲೆ 'ನಾ ಯಾವಾಗ ನಿಮಗ ಬರದಿದ್ನಿರೀ?' ಅಂತ ಫೋನೂ ಮಾಡುತ್ತಾರೆ. ಅಮೆರಿಕದಲ್ಲಿ ಮೋಸದ ಸಬ್ಜೆಕ್ಟ್ ಲೈನನ್ನು 2003ರ ಕಾನೂನೇ ನಿಷೇಧಿಸಿದೆ. ಅಲ್ಲಿರುವ ಮಕ್ಕಳು, ಮೊಮ್ಮಕ್ಕಳಿಗೆ ಇಮೇಲ್ ಕಳಿಸಿ ಆರ್ಡರ್ ಹಿಡಿಯುವವರಿಗೆ ಇದು ಗೊತ್ತಿರಲಿ.

'ಇಂದೇ ಕೊನೆಯ ದಿನ' ಅಂತ ಬರೆದರೆ ಇವತ್ತೇ ಕೊನೆಯಾಗಬೇಕು. ಮೂರು ವರ್ಷದಿಂದ 'ಕ್ಲೋಸಿಂಗ್ ಸೇಲ್' ಬೋರ್ಡ್ ತೂಗುಹಾಕಿದ ಅಂಗಡಿ ನಿಮ್ಮ ಊರಲ್ಲೂ ಒಂದಿರಬೇಕು. ಅದನ್ನು ಯಾರಾದರೂ ತಲೆ ಎತ್ತಿ ನೋಡುತ್ತಾರಾ?

ಆಶ್ಚರ್ಯ ಸೂಚಕ ಚಿಹ್ನೆ ಒಂದಕ್ಕಿಂತ ಜಾಸ್ತಿ ಬೇಡ. ಒಂದೂ ಇಲ್ಲದಿದ್ದರೆ ನನಗೆ ಇನ್ನೂ ಖುಷಿ.

'ಉಚಿತ' ಅಂತ ಬರೆದರೆ ಸ್ಪ್ಯಾಮ್‌ಗೆ ಹೋಗುತ್ತದೆ ಅಂತ ಹೆದರುವವರಿದ್ದಾರೆ. ಒಂದು ಪದದಿಂದಲೇ ಹಾಗಾಗುವುದಿಲ್ಲ. ಜನ ನಿಮ್ಮ ಇಮೇಲ್ ನೋಡಿ 'ಸ್ಪ್ಯಾಮ್' ಗುಂಡಿ ಒತ್ತುವುದು ಅದಕ್ಕಿಂತ ದೊಡ್ಡ ಅಪಾಯ. 2024ರ ಫೆಬ್ರುವರಿಯಿಂದ ಗೂಗಲ್ ತನ್ನ ಜಿಮೇಲ್‌ನಲ್ಲಿ ಈ ದೂರು ಶೇ 0.3ಕ್ಕಿಂತ ಕೆಳಗಿರಬೇಕು ಅನ್ನುತ್ತಿದೆ. 300 ಇಮೇಲ್ ಕಳಿಸಿ ಒಬ್ಬರೇ ಒಬ್ಬರು ಒತ್ತಿದರೂ ಆ ಗೆರೆ ದಾಟಿದಂತೆ.

ಎರಡು ಸಾಲು, ಒಂದು ಲೆಕ್ಕ

ಪಟ್ಟಿ ದೊಡ್ಡದಿದ್ದರೆ ಅರ್ಧ ಜನಕ್ಕೆ ಒಂದು ಸಾಲು, ಇನ್ನರ್ಧಕ್ಕೆ ಇನ್ನೊಂದು ಕಳಿಸಿ ಯಾವುದು ಓಡಿತು ಅಂತ ನೋಡಬಹುದು. ಕಾಕು ಪಟ್ಟಿಯ ಅರ್ಧ ಅಂದರೆ 150 ಜನ; ಅಷ್ಟರಲ್ಲಿ ನಾಲ್ಕೈದು ಹೆಚ್ಚು ಕಡಿಮೆಯಾದರೆ ಅದಕ್ಕೆ ಅರ್ಥವಿಲ್ಲ, ನಾಳೆ ಉಲ್ಟಾ ಆದೀತು. 'ಎಷ್ಟು ಜನ ತೆರೆದರು' ಅನ್ನುವ ಅಂಕಿಯೂ ಈಗ ಪೂರ್ತಿ ನಂಬುವಂಥದ್ದಲ್ಲ. 2021ರಿಂದ ಐಫೋನಿನ ಮೇಲ್ ಆ್ಯಪ್‌ನಲ್ಲಿ ಒಂದು ಖಾಸಗಿತನದ ಸೌಲಭ್ಯವಿದೆ. ಅದನ್ನು ಹಾಕಿಕೊಂಡವರು ಓದದಿದ್ದರೂ ಇಮೇಲಿನ ಚಿತ್ರಗಳು ಮೊದಲೇ ಲೋಡ್ ಆಗುತ್ತವೆ; ಚಿತ್ರ ಲೋಡ್ ಆಯಿತೆಂದರೆ ಸಾಫ್ಟ್‌ವೇರ್ 'ತೆರೆದರು' ಅಂತಲೇ ಲೆಕ್ಕ ಹಿಡಿಯುತ್ತದೆ. ಎಷ್ಟು ಆರ್ಡರ್ ಬಂತು, ಎಷ್ಟು ಜನ ಉತ್ತರ ಬರೆದರು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಸಬ್ಜೆಕ್ಟ್ ಲೈನಿನ ಮುಂದೆಯೇ ಬರೆದಿಡಿ.

ಕಾಕುಗೆ ಬಂದ ಉತ್ತರಗಳಲ್ಲಿ ಪುಣೆಯ ಗಿರಾಕಿಯೊಬ್ಬರದು ಒಂದೇ ಸಾಲು: "ಗುಂಟೂರು ಬೆರಕಿ ಇಲ್ಲ ಹೌದಲ್ರೀ?" ಗುಂಟೂರು ಅಂದರೆ ಆಂಧ್ರದ ಜಾಸ್ತಿ ಖಾರದ ಮೆಣಸಿನಕಾಯಿ. ಕಾಕು ಕನ್ನಡಕ ಏರಿಸಿ ಎರಡು ಸಲ ಓದಿದರು. ಮುಂದಿನ ತಿಂಗಳ ಸಬ್ಜೆಕ್ಟ್ ಲೈನನ್ನು ನನ್ನನ್ನು ಕೇಳದೆ ತಾವೇ ಬರೆದರು: 'ಬ್ಯಾಡಗಿ ಅಷ್ಟೇ, ಗುಂಟೂರು ಬೆರಕೆ ಇಲ್ಲ'.